ಆಟೋಮ್ಯಾಟಿಕ್ ಗಾಡಿಯ ಗೇರ್ ಆಯಿಲ್: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಓಣಿಗೆ ಮೊದಲ ಆಟೋಮ್ಯಾಟಿಕ್ ಕಾರು ತಂದವನು ನಾನು. ಹಳೇ ಸೆಡಾನ್, ನಾಲ್ಕೇ ಗೇರು. "ಕ್ಲಚ್ ಇಲ್ಲದ ಗಾಡಿ ಯಾಕ್ರೀ ತಂದ್ರಿ, ಮುಂದ ರಿಪೇರಿ ಯಾರು ಮಾಡ್ತಾರ?" ಎಂದು ಅವತ್ತು ನಕ್ಕವರ ಮನೆ ಮುಂದೆ ಈಗ ಕ್ಲಚ್ ಇಲ್ಲದ ಗಾಡಿಯೇ ನಿಂತಿದೆ. ಭಾನುವಾರ ಬಾನೆಟ್ ಎತ್ತಿದವರು ನನ್ನನ್ನೇ ಕರೆಯುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಒಮ್ಮೆ ಕೈ ಸುಟ್ಟುಕೊಂಡವನು, ಅಷ್ಟೇ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ಗೇರ್ ಆಯಿಲ್ ನೋಡೋಣ ಅಂದರೆ ಮಟ್ಟ ಅಳೆಯುವ ಕಡ್ಡಿನೇ ಸಿಗುತ್ತಿಲ್ಲ. ಎಲ್ಲಿ ಇರುತ್ತದೆ?

ಬಹುಶಃ ನಿಮ್ಮ ಗಾಡಿಗೆ ಇಲ್ಲವೇ ಇಲ್ಲ. ಹುಡುಕುವ ಮೊದಲು ನಿಮ್ಮದು ಯಾವ ಜಾತಿಯ ಆಟೋಮ್ಯಾಟಿಕ್ ಅಂತ ಗೊತ್ತಿರಬೇಕು. ಎರಡೇ ಪೆಡಲ್ ಇರುವ ಗಾಡಿಗಳೆಲ್ಲ ಒಳಗೆ ಒಂದೇ ಅಲ್ಲ.

ಒಂದು, ಟಾರ್ಕ್ ಕನ್ವರ್ಟರ್ ಇರುವ ಅಸಲಿ ಆಟೋಮ್ಯಾಟಿಕ್. ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್, ಡೀಸೆಲ್ ಕ್ರೆಟಾದ ಆಟೋಮ್ಯಾಟಿಕ್ ಈ ಪೈಕಿ. ಈ ಪುಟದ ಬಹುಪಾಲು ಮಾತು ಇವುಗಳ ಬಗ್ಗೆ. ಎರಡು, ಸಿವಿಟಿ. ಹೋಂಡಾ ಸಿಟಿಯಲ್ಲಿ ನೋಡಿರುತ್ತೀರಿ. ಅದರಲ್ಲಿ ಗೇರೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಮೂರು, ಡ್ಯುಯಲ್ ಕ್ಲಚ್. ಫೋಕ್ಸ್‌ವ್ಯಾಗನ್‌ನವರು ಡಿಎಸ್‌ಜಿ ಅನ್ನುತ್ತಾರೆ, ಹ್ಯುಂಡೈನವರು ಡಿಸಿಟಿ. ನಾಲ್ಕು, ಎಎಂಟಿ. 2014ರಲ್ಲಿ ಸೆಲೆರಿಯೋ ಜೊತೆ ಬಂತಲ್ಲ, ಅದು. ಮಾರುತಿಯವರು ಎಜಿಎಸ್ ಎಂದು ಕರೆಯುತ್ತಾರೆ.

ಹಳೇ ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಕಡ್ಡಿ ಇರುತ್ತದೆ. ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪೂಜೆಯ ಕುಂಕುಮದ ಪೊಟ್ಟಣದ ಕೆಳಗೆ ಬಿದ್ದಿರುತ್ತದೆ. ಅದನ್ನು ತೆಗೆಯಿರಿ. ಅದರಲ್ಲಿ ಕಡ್ಡಿಯ ಚಿತ್ರವೂ ಇರುತ್ತದೆ, ಆಯಿಲಿನ ಹೆಸರೂ ಇರುತ್ತದೆ.

ಹಳದಿ ಹಿಡಿಕೆಯ ಕಡ್ಡಿ ಇದೆ. ಅದೇ ಅಲ್ವಾ?

ಅದು ಎಂಜಿನ್ ಆಯಿಲಿನದು ಇರಬಹುದು. ಎರಡೂ ಇರುವ ಗಾಡಿಯಲ್ಲಿ ಗೇರ್‌ಬಾಕ್ಸಿನ ಕಡ್ಡಿ ಬೇರೆ ಕಡೆ, ಸಾಮಾನ್ಯವಾಗಿ ಇನ್ನೂ ಕೆಳಗೆ, ಗೇರ್‌ಬಾಕ್ಸ್ ಇರುವ ಬದಿಗೆ ಇರುತ್ತದೆ. ಹಿಡಿಕೆಯ ಬಣ್ಣ ನಂಬಬೇಡಿ. ಅದರ ಮೇಲೆ ಏನು ಬರೆದಿದೆ ಓದಿ. ಎಂಜಿನ್ ಆಯಿಲ್ ಹಾಕುವ ಬಾಯಿಗೆ ಗೇರ್ ಆಯಿಲ್ ಸುರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಆಯಿಲ್ ಮಾಡುವ ಕೆಲಸವಾದರೂ ಏನು? ಎಂಜಿನ್ ಆಯಿಲಿನ ಹಾಗೆ ನುಣುಪಿಗಾ?

ನುಣುಪು ಅದರ ಕೆಲಸದಲ್ಲಿ ಒಂದು ಪಾಲು ಮಾತ್ರ. ಮ್ಯಾನ್ಯುಯಲ್ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವುದು ಕ್ಲಚ್ ಪ್ಲೇಟು. ಇಲ್ಲಿ ಆ ಕೆಲಸ ಆಯಿಲಿನದು. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿ ಬದಲು ಆಯಿಲ್ ಎಂದುಕೊಂಡರೆ ಅದೇ ಟಾರ್ಕ್ ಕನ್ವರ್ಟರ್. ಇದರ ಜೊತೆಗೆ ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿದು ಗೇರ್ ಬದಲಿಸುವುದೂ ಇದೇ ಆಯಿಲಿನ ಒತ್ತಡ. ಬಿಸಿ ಹೊತ್ತುಕೊಂಡು ರೇಡಿಯೇಟರ್ ಕಡೆ ಒಯ್ಯುವುದೂ ಇದೇ.

ಹಾಗಾಗಿ ಆಯಿಲ್ ಕಡಿಮೆಯಾದರೆ ಸವಕಳಿಗಿಂತ ಮೊದಲು ಕಾಣುವುದು ಒತ್ತಡದ ತೊಂದರೆ. ಲಿವರನ್ನು ಡಿಗೆ, ಅಂದರೆ ಮುಂದೆ ಹೋಗುವ ಮನೆಗೆ, ಹಾಕಿದರೂ ಗಾಡಿ ಒಂದೆರಡು ಸೆಕೆಂಡು ಯೋಚನೆ ಮಾಡಿ ಹೊರಡುತ್ತದೆ. ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದಾಗ ಗೇರ್ ಜಾರುತ್ತದೆ.

ಸರಿ, ಕಡ್ಡಿ ಸಿಕ್ಕಿತು. ಹೇಗೆ ನೋಡುವುದು?

ಮೊದಲು ಗಾಡಿ ಓಡಿಸಿ ಬಿಸಿ ಮಾಡಿ. ನಿಂತಲ್ಲೇ ಎಂಜಿನ್ ಓಡಿಸಿದರೆ ಗೇರ್‌ಬಾಕ್ಸ್ ಬೇಗ ಕಾಯುವುದಿಲ್ಲ. ವಿದ್ಯಾನಗರದಿಂದ ನವನಗರಕ್ಕೆ ಹೋಗಿ ಬಂದರೆ ಸಾಕು. ಹದಿನೈದು ಇಪ್ಪತ್ತು ನಿಮಿಷ. ಆಯಿಲ್ ಸುಮಾರು 70ರಿಂದ 80 ಡಿಗ್ರಿಗೆ ಬಂದಿರುತ್ತದೆ.

ಆಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಹುಬ್ಬಳ್ಳಿಯವರಿಗೆ ಇದು ಸುಲಭ. ಧಾರವಾಡದವರು ಸ್ವಲ್ಪ ಹುಡುಕಬೇಕು, ಊರೇ ಏರು ಇಳುಕಲು. ಅನುಮಾನ ಇದ್ದರೆ ಒಂದು ಚೊಂಬು ನೀರು ಚೆಲ್ಲಿ ನೋಡಿ. ಒಂದೇ ಕಡೆ ಓಡಿದರೆ ಆ ಜಾಗ ಬೇಡ.

ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಓಡುತ್ತಲೇ ಇರಲಿ. ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದು ಲಿವರನ್ನು ಪಿ (ಪಾರ್ಕ್) ಮನೆಯಿಂದ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ ಹೀಗೆ ಪ್ರತಿ ಮನೆಗೂ ಸರಿಸಿ, ಮೂರು ನಾಲ್ಕು ಸೆಕೆಂಡು ನಿಲ್ಲಿಸಿ, ವಾಪಸ್ ಪಿಗೆ ತನ್ನಿ. ಒಳಗಿನ ಎಲ್ಲ ಸಂದುಗಳಿಗೂ ಆಯಿಲ್ ತುಂಬಲಿ ಅಂತ ಈ ಕಸರತ್ತು.

ಈಗ ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವ ಗೆರೆ ಲೆಕ್ಕಕ್ಕಿಲ್ಲ, ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಅದು. ಒರೆಸುವ ಬಟ್ಟೆ ಎಳೆ ಬಿಡಬಾರದು. ಹಳೇ ಬನಿಯನ್ನೂ ಬೇಡ, ಹತ್ತಿಯಂತೂ ಬೇಡವೇ ಬೇಡ. ಒಳಗಿನ ವಾಲ್ವುಗಳ ದಾರಿ ಸಣ್ಣದು, ಒಂದು ಎಳೆ ನೂಲು ಸಿಕ್ಕಿಕೊಂಡರೂ ರಗಳೆ. ಕಡ್ಡಿಯ ಎರಡೂ ಮಗ್ಗುಲು ನೋಡಿ, ಕೆಳಗಿನ ಗೆರೆಯನ್ನೇ ನಂಬಿ.

ಎಲ್ಲ ಗಾಡಿಗೂ ಇದೇ ಕ್ರಮ ಅಲ್ಲ. ಕೆಲವಕ್ಕೆ ಎನ್‌ನಲ್ಲಿ ಇಟ್ಟು ನೋಡಬೇಕು. ಹಳೇ ಹೋಂಡಾಗಳಲ್ಲಿ ಬಿಸಿ ಮಾಡಿ ಎಂಜಿನ್ ಆರಿಸಿ, ಒಂದು ಒಂದೂವರೆ ನಿಮಿಷದ ಒಳಗೆ ನೋಡಬೇಕು. ಪುಸ್ತಕ ಹೇಳಿದ್ದೇ ಕೊನೆಯ ಮಾತು. ನಾನೂ ಅಲ್ಲ, ನಿಮ್ಮ ಫಿಟ್ಟರೂ ಅಲ್ಲ.

ಎಂಜಿನ್ ಓಡುವಾಗ ಬಾನೆಟ್ ಒಳಗೆ ಕೈ ಹಾಕುತ್ತಿದ್ದೀರಿ, ನೆನಪಿರಲಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಫ್ಯಾನು ಹೇಳಿ ಕೇಳಿ ಶುರುವಾಗುವುದಿಲ್ಲ.

ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿದರೆ ಏನಾಗುತ್ತದೆ?

ನನಗೆ ಆಗಿದ್ದು ಆಗುತ್ತದೆ.

ಒಂದು ಏಪ್ರಿಲ್. ಮಕ್ಕಳಿಗೆ ರಜೆ, ಗೋಕರ್ಣಕ್ಕೆ ಹೊರಟಿದ್ದೆವು. ಹಿಂದಿನ ದಿನ ಬೆಳಿಗ್ಗೆ ಒಂದು ಗ್ಯಾರೇಜಿಗೆ ಬಿಟ್ಟು "ಎಲ್ಲ ಆಯಿಲ್ ನೋಡಿಬಿಡ್ರಿ" ಎಂದೆ. ರಾತ್ರಿಯೆಲ್ಲ ನಿಂತ ತಣ್ಣನೆ ಗಾಡಿ. ಹುಡುಗ ಕಡ್ಡಿ ಎಳೆದ. ಆಯಿಲ್ ಬಿಸಿ ಗುರುತಿಗಿಂತ ಬಹಳ ಕೆಳಗಿತ್ತು. ಪಕ್ಕದಲ್ಲೇ ತಣ್ಣನೆಯ ಗುರುತು ಬೇರೆ ಇದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೇಲಿನ ಗುರುತು ಮುಟ್ಟುವವರೆಗೆ ಸುರಿದ. ಹೆಚ್ಚು ಕಡಿಮೆ ಒಂದು ಲೀಟರ್.

ಹೋಗುವಾಗ ಇಳಿಜಾರು, ಏನೂ ಗೊತ್ತಾಗಲಿಲ್ಲ. ಬರುವಾಗ ಅರಬೈಲ್ ಘಟ್ಟ ಹತ್ತಬೇಕಲ್ಲ. ಮುಂದೆ ಲಾರಿಗಳ ಸಾಲು, ನಾವು ಹಿಂದೆ ತೆವಳುತ್ತಿದ್ದೆವು. ಅರ್ಧ ಹತ್ತುವುದರೊಳಗೆ ಸುಟ್ಟ ವಾಸನೆ. ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಗೇರ್‌ಬಾಕ್ಸಿನ ಉಸಿರುಕೊಳವೆಯಿಂದ ಕೆಂಪು ನೊರೆ ಹೊರಗೆ ಬಂದು ಸುತ್ತ ಎಲ್ಲ ಒದ್ದೆ. ಒಂದೂವರೆ ಗಂಟೆ ಕಾಡಿನ ನಡುವೆ ನಿಂತೆವು. ತಂದಿದ್ದ ಮಂಡಕ್ಕಿ ಅಲ್ಲೇ ಖಾಲಿ.

ಆದದ್ದು ಇಷ್ಟು. ಆಯಿಲ್ ಬಿಸಿಯಾದರೆ ಉಬ್ಬುತ್ತದೆ. ಏಳು ಲೀಟರ್ ಆಯಿಲ್ 30 ಡಿಗ್ರಿಯಿಂದ 80ಕ್ಕೆ ಏರಿದರೆ ಸುಮಾರು ಕಾಲು ಲೀಟರಿನಷ್ಟು ಜಾಸ್ತಿಯಾಗುತ್ತದೆ. ಅದರ ಮೇಲೆ ಬೇಡದ ಒಂದು ಲೀಟರ್. ಮಟ್ಟ ಏರಿ ತಿರುಗುವ ಗೇರುಗಳಿಗೆ ತಾಗಿತು. ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆಯಾಯಿತು. ನೊರೆಯಲ್ಲಿ ಇರುವುದು ಗಾಳಿ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಒತ್ತಡ ದಾಟಿಸುವುದಿಲ್ಲ. ಕ್ಲಚ್‌ಗಳು ಜಾರಿದವು, ಸುಟ್ಟವು. ಕಡಿಮೆಯಾದಾಗ ಆಗುವ ತೊಂದರೆಯೇ ಜಾಸ್ತಿಯಾದಾಗಲೂ ಆಗುತ್ತದೆ ಎಂದು ಅವತ್ತು ತಿಳಿಯಿತು.

ಕೆಲವು ಕಡ್ಡಿಗಳಲ್ಲಿ ತಣ್ಣನೆಯ ಗುರುತು ಇರುವುದು ಹೊಸ ಆಯಿಲ್ ತುಂಬಿದಾಗ ಅಂದಾಜು ಸಿಗಲಿ ಅಂತ. ತೀರ್ಮಾನ ಮಾತ್ರ ಬಿಸಿ ಗುರುತಿನ ಮೇಲೆಯೇ. ಘಟ್ಟ ಹತ್ತಿ ಬಂದ ತಕ್ಷಣವೂ ನೋಡಬೇಡಿ. ಆಗ ವಿಪರೀತ ಕಾದಿರುತ್ತದೆ, ಮಟ್ಟ ಮೇಲೆ ಕಾಣುತ್ತದೆ. ಅರ್ಧ ಗಂಟೆ ಬಿಡಿ.

ನಿಜವಾಗಲೂ ಕಡಿಮೆ ಇದೆ. ಎಷ್ಟು ಹಾಕಲಿ?

ಜುಗ್ಗತನ ಮಾಡಿ. ಬಿಸಿ ಭಾಗದ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಇರುವ ಅಂತರ ಹೆಚ್ಚಿನ ಗಾಡಿಗಳಲ್ಲಿ ಅರ್ಧ ಲೀಟರ್ ಒಳಗೇ ಇರುತ್ತದೆ. ಒಂದು ಸಲಕ್ಕೆ 100 ಮಿಲಿ, ಅಂದರೆ ಒಂದು ಚಹಾ ಲೋಟಕ್ಕಿಂತ ಸ್ವಲ್ಪ ಕಡಿಮೆ. ಕಡ್ಡಿ ಇದ್ದ ಕೊಳವೆಯೊಳಗೇ ಹಾಕಬೇಕು. ಉದ್ದ ಮೂತಿಯ ಸಣ್ಣ ಲಾಳಿಕೆ ಬೇಕು, ಅಡುಗೆಮನೆಯ ಸೀಮೆಎಣ್ಣೆ ಲಾಳಿಕೆ ನಡೆಯುವುದಿಲ್ಲ. ಹಾಕಿ, ಎರಡು ನಿಮಿಷ ಬಿಡಿ, ಮತ್ತೆ ಎಲ್ಲ ಗೇರಿಗೂ ಹಾಕಿ ತೆಗೆದು ಅಳೆಯಿರಿ. ಬೇಜಾರಿನ ಕೆಲಸ. ಆದರೆ ಹಾಕುವುದು ಸುಲಭ, ತೆಗೆಯುವುದು ಕಷ್ಟ. ಮೇಲಿನ ಗುರುತಿಗೆ ಕೂದಲೆಳೆ ಕಡಿಮೆ ಇದ್ದಾಗಲೇ ನಿಲ್ಲಿಸಿ.

ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಬೇಡಿ. ಬೆಂಕಿ ಹತ್ತಬಹುದು.

ಜಾಸ್ತಿ ಹಾಕಿಬಿಟ್ಟಿದ್ದರೆ ಗಾಡಿ ಓಡಿಸಬೇಡಿ. ಕಡ್ಡಿಯ ಕೊಳವೆಗೆ ತೆಳು ಪೈಪ್ ಇಳಿಸಿ ಕೈಪಂಪಿನಿಂದ ಎಳೆದು ತೆಗೆಯಬಹುದು. ಬಾಯಿಂದ ಎಳೆಯಬಾರದು, ಡೀಸೆಲ್ ಎಳೆದು ಅಭ್ಯಾಸ ಇದ್ದವರಿಗೆ ಈ ಮಾತು.

ಅಂಗಡಿಯವರು "ಕೆಂಪು ಆಯಿಲ್ ಎಲ್ಲಾ ಒಂದೇ" ಅಂತಾರೆ. ಹೌದಾ?

ಅಲ್ಲ. ಕೆಂಪು ಬರೀ ಬಣ್ಣ. ಸೋರಿದಾಗ ಎಂಜಿನ್ ಆಯಿಲೋ ಗೇರ್ ಆಯಿಲೋ ಗೊತ್ತಾಗಲಿ ಅಂತ ಸೇರಿಸಿದ್ದು. ಬ್ಯಾಡಗಿ ಮೆಣಸಿನಕಾಯಿ ಕೆಂಪು ಅಂತ ಕೆಂಪಾದದ್ದೆಲ್ಲ ಬ್ಯಾಡಗಿ ಆಗುತ್ತದಾ? ಹಾವೇರಿಯವರನ್ನು ಕೇಳಿ.

ಒಳಗಿನ ಕ್ಲಚ್ ಎಷ್ಟು ಬೇಗ ಹಿಡಿಯಬೇಕು, ಎಷ್ಟು ನಯವಾಗಿ ಹಿಡಿಯಬೇಕು ಎಂಬುದು ಆಯಿಲಿನಲ್ಲಿ ಸೇರಿಸಿದ ರಾಸಾಯನಿಕಗಳ ಮೇಲೆ ನಿಂತಿದೆ. ಹಿಂದೆ ಅಮೆರಿಕದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದು ನಿಂತಿತು, ಬದಲಿ ಹುಡುಕಬೇಕಾಯಿತು. ಈಗ ಒಬ್ಬೊಬ್ಬ ತಯಾರಕರದು ಒಂದೊಂದು ಪಾಕ. ಟೊಯೊಟಾದವರದು ಡಬ್ಲ್ಯುಎಸ್, ಹ್ಯುಂಡೈ-ಕಿಯಾದವರದು ಎಸ್‌ಪಿ-3 ಮತ್ತು ಎಸ್‌ಪಿ-4, ಹೋಂಡಾದವರದು ಡಿಡಬ್ಲ್ಯು-1, ಜನರಲ್ ಮೋಟರ್ಸ್‌ನವರದು ಡೆಕ್ಸ್‌ರಾನ್. ಪುಸ್ತಕದಲ್ಲಿರುವ ಹೆಸರು ಡಬ್ಬಿಯ ಮೇಲೂ ಇರಬೇಕು. ಬೇರೆ ಕಂಪನಿಯ ಡಬ್ಬಿಯಾದರೂ ಆ ಹೆಸರಿಗೆ ಸರಿ ಎಂದು ಬರೆದಿದ್ದರೆ ನಡೆಯುತ್ತದೆ. ಬಿಡಿ ಆಯಿಲ್ ತೆಗೆದುಕೊಳ್ಳಬೇಡಿ, ಸೀಲ್ ನೋಡಿ, ಬಿಲ್ ಕೇಳಿ.

ಸಿವಿಟಿ ಇದ್ದವರು ಇನ್ನೂ ಹುಷಾರಾಗಿರಬೇಕು. ಅದರ ಬೆಲ್ಟು ಪುಲ್ಲಿಯನ್ನು ಹಿಡಿದುಕೊಳ್ಳುವಂತೆ ಅದರ ಆಯಿಲ್ ಮಾಡಿರುತ್ತಾರೆ. ಸಾದಾ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್ ಜಾರುತ್ತದೆ, ಪುಲ್ಲಿಗೆ ಗೀರು ಬೀಳುತ್ತದೆ. ಆಮೇಲೆ ಇಡೀ ಗೇರ್‌ಬಾಕ್ಸಿನ ಮಾತು.

ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ. ಗಾಡಿ ಕುಡಿಯುತ್ತದಲ್ಲವಾ?

ಎಂಜಿನ್ ಸ್ವಲ್ಪ ಆಯಿಲ್ ಸುಟ್ಟುಕೊಳ್ಳುತ್ತದೆ. ಗೇರ್‌ಬಾಕ್ಸ್ ಕುಡಿಯುವುದಿಲ್ಲ. ಅಲ್ಲಿ ಬೆಂಕಿ ಇಲ್ಲ. ಕಡಿಮೆಯಾಯಿತು ಎಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ತೂತು ಬಿಂದಿಗೆಗೆ ನೀರು ತುಂಬುವ ಕೆಲಸ ಎಷ್ಟು ದಿನ ಮಾಡುತ್ತೀರಿ?

ರಾತ್ರಿ ಗಾಡಿ ಕೆಳಗೆ ಹಳೇ ಸಂಯುಕ್ತ ಕರ್ನಾಟಕ ಹಾಸಿಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ನಡುವೆ ಬಿದ್ದರೆ ಕೆಳಗಿನ ತಟ್ಟೆಯ ಗ್ಯಾಸ್ಕೆಟ್ ಅಥವಾ ಡ್ರೈನ್ ಬೋಲ್ಟಿನ ವಾಷರ್. ಮುಂದಿನ ಚಕ್ರದ ಒಳಬದಿಗೆ ಬಿದ್ದರೆ ಆಕ್ಸಲ್ ಸೀಲ್. ರೇಡಿಯೇಟರ್ ಕಡೆ ಬಿದ್ದರೆ ಕೂಲರ್ ಪೈಪ್. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಬಿದ್ದರೆ ಪಂಪಿನ ಮುಂದಿನ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಖರ್ಚಿನ ಬಾಬ್ತು. ಒಂದು ಮಾತು: ಕೆಲವು ಗಾಡಿಗಳ ಪವರ್ ಸ್ಟೀರಿಂಗಿಗೂ ಇದೇ ಕೆಂಪು ಆಯಿಲ್ ಇರುತ್ತದೆ. ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಆ ಡಬ್ಬಿಯ ಮಟ್ಟವನ್ನೂ ನೋಡಿ.

ಬಣ್ಣ, ವಾಸನೆ ನೋಡಿ ಏನು ಹೇಳಬಹುದು?

ಬಿಳಿ ಕಾಗದದ ಮೇಲೆ ಎರಡು ಹನಿ ಬಿಡಿ. ತಿಳಿ ಕೆಂಪಾಗಿ ಹರಡಿದರೆ ಚೆನ್ನಾಗಿದೆ. ಕಂದಾಗಿದ್ದರೆ ವಯಸ್ಸಾಗಿದೆ, ಬದಲಿಸುವ ಯೋಚನೆ ಮಾಡಿ. ಕಪ್ಪಾಗಿ, ಸುಟ್ಟ ಟೋಸ್ಟಿನ ವಾಸನೆ ಬಂದರೆ ಒಳಗಿನ ಕ್ಲಚ್ ಸುಟ್ಟಿದೆ. ಬೆರಳಲ್ಲಿ ಉಜ್ಜಿದಾಗ ಮರಳಿನ ಹಾಗೆ ತಾಗಿದರೆ ಲೋಹದ ಪುಡಿ. ಇವೆರಡಕ್ಕೂ ಟಾಪ್ ಅಪ್ ಮದ್ದಲ್ಲ.

ರೋಸ್ ಮಿಲ್ಕ್ ಹಾಗೆ ಕಂಡರೆ ಎಂಜಿನ್ ಶುರು ಕೂಡ ಮಾಡಬೇಡಿ. ನೀರು ಸೇರಿದೆ. ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ಕೂಲೆಂಟ್ ಬೆರೆತಿರಬಹುದು. ಇಲ್ಲವೇ ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿರಬಹುದು. ನವಲಗುಂದದ ಕಡೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ "ಇಷ್ಟೇ ನೀರು" ಎಂದು ಗಾಡಿ ಇಳಿಸುತ್ತಾರೆ. ಬಿಸಿ ಗೇರ್‌ಬಾಕ್ಸ್ ತಣ್ಣನೆ ನೀರಿಗೆ ಇಳಿದಾಗ ಉಸಿರುಕೊಳವೆಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಕ್ಲಚ್ ಪ್ಲೇಟಿನ ಅಂಟು ಬಿಡಲು ಆ ನೀರು ಸಾಕು.

ಸಿವಿಟಿಗಳಲ್ಲಿ ಹೊಸ ಆಯಿಲೇ ಹಸಿರು ಅಥವಾ ಜೇನಿನ ಬಣ್ಣ ಇರಬಹುದು. ಗಾಬರಿಯಾಗಬೇಡಿ.

ಕಡ್ಡಿ ಇಲ್ಲದ ಗಾಡಿಗೆ ಮನೆಯಲ್ಲೇ ನೋಡಬಹುದಾ?

ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದರ ವಿಧಾನ ಹೀಗಿದೆ. ಗಾಡಿಯನ್ನು ನಾಲ್ಕೂ ಚಕ್ರ ಸಮವಾಗಿ ಎತ್ತಬೇಕು. ಸ್ಕ್ಯಾನರ್ ಹಚ್ಚಿ ಆಯಿಲಿನ ಬಿಸಿ ನೋಡಬೇಕು. ಎಷ್ಟೋ ಗಾಡಿಗಳಿಗೆ ಇದು 35ರಿಂದ 45 ಡಿಗ್ರಿ ನಡುವೆ, ಕೆಲವಕ್ಕೆ ಬೇರೆ. ಆ ಬಿಸಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೆಳಗಿನ ಲೆವೆಲ್ ಪ್ಲಗ್ ಬಿಚ್ಚಬೇಕು. ಧಾರೆಯಾಗಿ ಬಂದರೆ ಜಾಸ್ತಿ ಇದೆ. ಹನಿ ಹನಿ ಬಂದರೆ ಸರಿಯಿದೆ. ಏನೂ ಬರದಿದ್ದರೆ ಹಾಕಬೇಕು. ಒಂದೇ ಬದಿಗೆ ಜಾಕ್ ಕೊಟ್ಟು ಮಲಗಿ ಮಾಡುವ ಕೆಲಸ ಇದಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ನೆರಳಲ್ಲೇ 38 ಡಿಗ್ರಿ ಇರುತ್ತದೆ, ಗಾಡಿ ಸ್ವಲ್ಪ ಓಡಿದರೂ ಆ ಮಿತಿ ದಾಟಿಹೋಗುತ್ತದೆ. ಮುಂಜಾನೆ ಮೊದಲ ಗಾಡಿ ನಿಮ್ಮದೇ ಆಗುವಂತೆ ನೋಡಿಕೊಳ್ಳಿ.

ನಮ್ಮದು ಎಎಂಟಿ. ಇದೆಲ್ಲ ಅನ್ವಯಿಸುತ್ತದಾ?

ಇಲ್ಲ. ಅದು ಸಾದಾ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಕ್ಲಚ್ ಒತ್ತಲು ಕಾಲಿನ ಬದಲು ಒಂದು ಯಂತ್ರ. ಮ್ಯಾನ್ಯುಯಲ್ ಗೇರ್ ಆಯಿಲೇ ಹಾಕುವುದು. ಕ್ಲಚ್ ಒತ್ತುವ ಆ ಯಂತ್ರಕ್ಕೆ ಹಲವು ಗಾಡಿಗಳಲ್ಲಿ ಸಣ್ಣ ಡಬ್ಬಿಯಲ್ಲಿ ಬೇರೆ ದ್ರವ ಇರುತ್ತದೆ. ಅದನ್ನು ನೋಡಿ ಬ್ರೇಕ್ ಆಯಿಲ್ ಎಂದುಕೊಂಡು ತುಂಬಬೇಡಿ.

"ಲೈಫ್‌ಟೈಮ್ ಆಯಿಲ್, ಬದಲಿಸಬೇಕಿಲ್ಲ" ಎಂದು ಶೋರೂಮಿನಲ್ಲಿ ಹೇಳಿದರು.

ಯಾರ ಲೈಫ್ ಎಂದು ಕೇಳಿದ್ರಾ? ಪುಸ್ತಕದಲ್ಲಿ ಕಠಿಣ ಬಳಕೆ ಎಂದು ಒಂದು ಭಾಗ ಇರುತ್ತದೆ. ಧೂಳು, ಬಿಸಿಲು, ನಿಂತು ನಿಂತು ಹೋಗುವ ಟ್ರಾಫಿಕ್, ಘಟ್ಟ, ಭಾರ ಎಳೆಯುವುದು. ಚೆನ್ನಮ್ಮ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ಸಿಕ್ಕಿಕೊಂಡು, ವಾರಕ್ಕೊಮ್ಮೆ ಗದಗಿನ ಕಡೆ ಎರೆಮಣ್ಣಿನ ಧೂಳು ಕುಡಿಯುವ ಗಾಡಿ ಸುಖದ ಬಳಕೆಯದಂತೂ ಅಲ್ಲ. ಅಂಥ ಬಳಕೆಗೆ ಹಲವು ತಯಾರಕರು 40,000ದಿಂದ 60,000 ಕಿಲೋಮೀಟರಿಗೆ ಬದಲಿಸಿ ಎನ್ನುತ್ತಾರೆ. ನಾನು 50,000ಕ್ಕೆ ಮಾಡಿಸುತ್ತೇನೆ.

ಇನ್ನೊಂದು ತಿಳಿದಿರಲಿ. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಬರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಟಾರ್ಕ್ ಕನ್ವರ್ಟರಿನಲ್ಲೂ ಸಂದುಗೊಂದುಗಳಲ್ಲೂ ಉಳಿಯುತ್ತದೆ. ಒಮ್ಮೆಗೆ ನೂರಕ್ಕೆ ನಲವತ್ತು ಭಾಗ ಬದಲಾಯಿತು ಎಂದುಕೊಳ್ಳಿ. ನಡುವೆ ಸ್ವಲ್ಪ ಓಡಿಸಿ ಹೀಗೆ ಮೂರು ಸಲ ಮಾಡಿದರೆ ನೂರಕ್ಕೆ ಎಪ್ಪತ್ತೆಂಟು ಭಾಗ ಹೊಸದಾಗುತ್ತದೆ. "ಏಳು ಲೀಟರ್ ಹಿಡಿಯುತ್ತದೆ" ಎಂದು ಪುಸ್ತಕದಲ್ಲಿ ನೋಡಿ, ಮೂರು ಲೀಟರ್ ಇಳಿದ ಗಾಡಿಗೆ ಏಳೂ ಸುರಿದವರುಂಟು. ಎಷ್ಟು ಬಂತೋ ಅಳೆದು ಅಷ್ಟೇ ಹಾಕಬೇಕು.

ಲಕ್ಷ ಕಿಲೋಮೀಟರ್ ಓಡಿದೆ, ಒಮ್ಮೆಯೂ ಬದಲಿಸಿಲ್ಲ. ಈಗ ಬದಲಿಸಿದರೆ ಗೇರ್‌ಬಾಕ್ಸ್ ಹೋಗುತ್ತದೆ ಅಂತಾರಲ್ಲ?

ಈಗಾಗಲೇ ಜಾರುತ್ತಿದ್ದ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ವಾರಕ್ಕೆ ಕೈಕೊಟ್ಟರೆ ಜನ ಆಯಿಲನ್ನು ಬೈಯುತ್ತಾರೆ. ರೋಗ ಮೊದಲೇ ಇತ್ತು. ಗೇರ್ ನಯವಾಗಿ ಬೀಳುತ್ತಿದ್ದರೆ ಸುಮ್ನೆ ಇಳಿಸಿ ತುಂಬುವುದರಲ್ಲಿ ನನಗೆ ಭಯವಿಲ್ಲ. ಯಂತ್ರ ಹಚ್ಚಿ ಒತ್ತಡದಿಂದ ತೊಳೆಯುವುದು ಮಾತ್ರ ಹಳೇ ಗಾಡಿಗೆ ಬೇಡ. ಮೂಲೆಯಲ್ಲಿ ಕೂತ ಕಸ ಎದ್ದು ವಾಲ್ವಿನಲ್ಲಿ ಸಿಕ್ಕಿಕೊಳ್ಳಬಹುದು.

ಗಾಡಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬಹುದಾ?

ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಪಂಪೂ ಓಡುವುದಿಲ್ಲ. ಚಕ್ರ ತಿರುಗಿದರೆ ಒಳಗಿನ ಗೇರುಗಳು ಒಣಗಿದಂತೆ ತಿರುಗುತ್ತವೆ. ಬಲ ಹೋಗುವ ಚಕ್ರಗಳನ್ನು ಎತ್ತಿ ಒಯ್ಯಬೇಕು, ಎಲ್ಲಕ್ಕಿಂತ ಒಳ್ಳೆಯದು ಇಡೀ ಗಾಡಿಯನ್ನು ಹೊರುವ ಲಾರಿ. ತಳ್ಳಿ ಸ್ಟಾರ್ಟ್ ಮಾಡುವ ಆಸೆಯನ್ನಂತೂ ಬಿಡಿ, ಅದು ಆಗುವುದಿಲ್ಲ.

ಇಳಿಸಿದ ಹಳೇ ಆಯಿಲ್ ಏನು ಮಾಡಲಿ?

ಗಟಾರಕ್ಕೆ ಬೇಡ, ಬಾಗಿಲ ಗೆದ್ದಲಿಗೂ ಬೇಡ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿನ ಹಳೇ ಆಯಿಲಿನ ಡ್ರಮ್ಮಿಗೆ ಕೊಡಿ. ಆದರೆ ಕೊಡುವ ಮೊದಲು ಎಷ್ಟಿದೆ ಅಳೆದುಕೊಳ್ಳಿ.

ಗ್ಯಾರೇಜಿಗೆ ಬಿಡುವಾಗ ಏನು ಹೇಳಬೇಕು?

"ಆಯಿಲ್ ನೋಡಿಬಿಡ್ರಿ" ಎನ್ನಬೇಡಿ, ನಾನು ಹಾಗೆ ಹೇಳಿಯೇ ಘಟ್ಟದಲ್ಲಿ ನಿಂತೆ. ಆಯಿಲಿನ ಹೆಸರು ಚೀಟಿಯಲ್ಲಿ ಬರೆದು ಕೊಡಿ. ಬಿಸಿ ಮಾಡಿ ಅಳೆಯಿರಿ, ನನ್ನ ಎದುರಿಗೇ ಅಳೆಯಿರಿ ಎನ್ನಿ. ಹಾಕಿದ್ದು ಎಷ್ಟು ಮಿಲಿ ಎಂದು ಬಿಲ್ಲಿನಲ್ಲಿ ಬರೆಸಿ. ಹೋದ ಸಲ ನಾನು ಹೀಗೆ ಕೇಳಿದ್ದಕ್ಕೆ ಫಿಟ್ಟರ್ ಮುಖ ನೋಡಿ ನಕ್ಕ. "ಬಿಸಿಯಾಗ್ಬೇಕಂದ್ರ ಅರ್ಧ ತಾಸು ಓಡಿಸ್ಬೇಕ್ರಿ" ಎಂದ. ಬಾ ಹತ್ತು ಎಂದು ಅವನನ್ನು ಕೂರಿಸಿಕೊಂಡು ಉಣಕಲ್ ಕೆರೆ ದಾಟಿ ನವನಗರದವರೆಗೆ ಹೋಗಿ ಬಂದೆ. ದಾರಿಯಲ್ಲಿ ಇಬ್ಬರೂ ಮಿರ್ಚಿ ತಿಂದೆವು. ವಾಪಸ್ ಬಂದು ಕಡ್ಡಿ ಎಳೆದರೆ ಆಯಿಲ್ ಎರಡು ಗುರುತಿನ ನಡುವೆ ಸರಿಯಾಗಿ ನಿಂತಿತ್ತು. ಒಂದು ಹನಿಯೂ ಹಾಕಲಿಲ್ಲ.